ಕೊಕ್ಕೊ ಬೀಜದಿಂದ ಚಾಕೊಲೇಟಿನವರೆಗೆ: ಬಡ ದೇಶ, ಸಿರಿವಂತ ದೇಶಗಳ ನಡುವಿನ ಅಂತರ

ಪಶ್ಚಿಮ ಆಫ್ರಿಕಾದ ಘಾನಾ ದೇಶದ ಅಶಾಂಟಿ ಸೀಮೆಯಲ್ಲಿ ಅಕ್ಟೋಬರ್ ತಿಂಗಳು ಬಂತೆಂದರೆ ಕೊಕ್ಕೊ ಕೊಯ್ಲಿನ ಕಾಲ. ಮರದ ಕಾಂಡಕ್ಕೇ ಅಂಟಿಕೊಂಡು ಬೆಳೆದ ಹಳದಿ ಕಾಯಿಗಳನ್ನು ಅಲ್ಲಿನ ರೈತನು ಮಚ್ಚಿನಿಂದ ಕೊಯ್ದು ಒಡೆಯುತ್ತಾನೆ. ಲೋಳೆ ಮೆತ್ತಿದ ಬೀಜಗಳನ್ನು ಬಾಳೆಯೆಲೆಯ ಮೇಲೆ ರಾಶಿ ಹಾಕಿ, ಮೇಲೂ ಬಾಳೆಯೆಲೆಯನ್ನೇ ಹೊದಿಸಿ, ಸುಮಾರು ಆರು ದಿನ ಹುದುಗಲು ಬಿಡುತ್ತಾನೆ. ಅನಂತರ ಬೀಜಗಳನ್ನು ಬಿದಿರಿನ ತಟ್ಟಿಗಳ ಮೇಲೆ ಹರಡಿ, ದಿನವೂ ಹಲವು ಬಾರಿ ಕೈಯಾಡಿಸಿ, ಒಂದು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಬಿಸಿಲಿನಲ್ಲಿ ಒಣಗಿಸುತ್ತಾನೆ. ಒಣಗಿದ ಬೀಜ ಗೋಣಿಚೀಲ ಸೇರಿ, ಲಾರಿಯೇರಿ, ಬಂದರಿನಲ್ಲಿ ಹಡಗು ಹತ್ತುತ್ತದೆ. ಅಲ್ಲಿಗೆ ರೈತನ ಪಾಲಿನ ಕೆಲಸವೂ ಮುಗಿಯಿತು, ಆದಾಯವೂ ಮುಗಿಯಿತು. ಆ ಬೀಜದಿಂದಾಗುವ ಚಾಕೊಲೇಟನ್ನು ಅವನ ಮಕ್ಕಳು ತಿನ್ನುವುದು ಅಪರೂಪ.

ಇತ್ತ ಯೂರೋಪಿನ ಸ್ವಿಟ್ಜರ್ಲೆಂಡನ್ನು ನೋಡಬಹುದು. ಹಿಮ ಬೀಳುವ ಆ ದೇಶದಲ್ಲಿ ಕೊಕ್ಕೊ ತೋಟವೆಂಬುದೇ ಇಲ್ಲ. ಆದರೆ ಚಾಕೊಲೇಟಿಗೆ ಅದು ಜಗತ್ತಿನಲ್ಲೆಲ್ಲ ಹೆಸರುವಾಸಿ. ಅಲ್ಲಿನ ಒಬ್ಬ ಪ್ರಜೆಯ ಸರಾಸರಿ ವಾರ್ಷಿಕ ಆದಾಯ 90,000 ಡಾಲರಿಗೂ ಹೆಚ್ಚು. ಘಾನಾದ ಪ್ರಜೆಯದು ಕೇವಲ 2,000 ಡಾಲರಿನ ಆಸುಪಾಸು. ಸ್ವಿಟ್ಜರ್ಲೆಂಡಿನ ಸಿರಿತನವೆಲ್ಲ ಚಾಕೊಲೇಟಿನಿಂದಲೇ ಬಂದುದಲ್ಲ. ಯಂತ್ರ, ಔಷಧ, ಬ್ಯಾಂಕು ವ್ಯವಹಾರಗಳ ಪಾಲು ದೊಡ್ಡದು. ಆದರೂ ಬೆಳೆಯುವ ದೇಶ ಬಡವಾಗಿಯೇ ಉಳಿದು, ಬೆಳೆಯದ ದೇಶ ಅದೇ ಬೆಳೆಯಿಂದ ಲಾಭ ಗಳಿಸುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಮುಂದುವರಿದ ರಾಷ್ಟ್ರಗಳಿಗೂ ಅಭಿವೃದ್ಧಿ ಹೊಂದುತ್ತಿರುವ ರಾಷ್ಟ್ರಗಳಿಗೂ ನಡುವೆ ಇರುವ ಅಂತರವನ್ನು ಅರಿಯಲು ಕೊಕ್ಕೊ ಒಂದು ಒಳ್ಳೆಯ ಪಾಠ. ಕರ್ನಾಟಕದ ಕರಾವಳಿಯ ಅಡಿಕೆ ತೋಟಗಳಲ್ಲೂ ಬೆಳೆಯುವ ಬೆಳೆ ಇದಾದುದರಿಂದ, ಈ ಪಾಠ ನಮ್ಮ ರೈತರಿಗೂ ಸಲ್ಲುತ್ತದೆ.

ಒಂದೇ ಬೆಳೆಯ ಮೇಲೆ ನಿಂತ ದೇಶ

ಕೊಕ್ಕೊದ ತವರು ದಕ್ಷಿಣ ಅಮೆರಿಕ. ಘಾನಾಕ್ಕೆ ಹಿಂದೆ ಗೋಲ್ಡ್ ಕೋಸ್ಟ್ ಎಂಬ ಹೆಸರಿತ್ತು. ಅದು ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಟೆಟ್ಟೆ ಕ್ವಾರ್ಶಿ ಎಂಬ ಕಮ್ಮಾರನು 1879ರಲ್ಲಿ ಫರ್ನಾಂಡೊ ಪೊ ದ್ವೀಪದಿಂದ ಕೊಕ್ಕೊ ಬೀಜ ತಂದು ಮಾಂಪಾಂಗ್ ಎಂಬಲ್ಲಿ ನೆಟ್ಟನೆಂಬುದು ಪ್ರಸಿದ್ಧ. ದೊಡ್ಡ ಪ್ಲಾಂಟರುಗಳಲ್ಲ, ಸಣ್ಣ ರೈತರೇ ಕಾಡು ಕಡಿದು ತೋಟ ಎಬ್ಬಿಸಿದರು. 1911ರ ವೇಳೆಗೆ, ಅಂದರೆ ಬರೀ ಮೂವತ್ತು ವರ್ಷ ಚಿಲ್ಲರೆ ಅವಧಿಯಲ್ಲಿ, ಜಗತ್ತಿನಲ್ಲಿ ಅತಿ ಹೆಚ್ಚು ಕೊಕ್ಕೊ ಬೆಳೆಯುವ ನಾಡು ಅದೇ ಆಯಿತು. ಆಫ್ರಿಕಾದ ರೈತ ಸೋಮಾರಿ, ಹೊಸತನ್ನು ಒಪ್ಪದವನು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾಗಿಲ್ಲ.

ಬೆಳೆದದ್ದೇನೋ ರೈತರು. ಆದರೆ ಕೊಳ್ಳುವವರು ಬೆರಳೆಣಿಕೆಯ ಯೂರೋಪಿಯನ್ ಕಂಪನಿಗಳು. 1937ರಲ್ಲಿ ಈ ಕಂಪನಿಗಳು ತಮ್ಮೊಳಗೆ ಸ್ಪರ್ಧೆ ಬೇಡವೆಂದು ಒಪ್ಪಂದ ಮಾಡಿಕೊಂಡವು. ರೈತರು ಸುಮ್ಮನಿರಲಿಲ್ಲ. ಆ ವರ್ಷದ ಕೊಯ್ಲಿನಿಂದ 1938ರ ಏಪ್ರಿಲ್‌ವರೆಗೆ ಬೀಜ ಮಾರುವುದನ್ನೇ ನಿಲ್ಲಿಸಿದರು. ಆಮದು ಸರಕುಗಳನ್ನು ಕೊಳ್ಳುವುದನ್ನೂ ಬಿಟ್ಟರು. ಬ್ರಿಟಿಷ್ ಸರ್ಕಾರ ವಿಚಾರಣಾ ಆಯೋಗವೊಂದನ್ನು ಕಳುಹಿಸಬೇಕಾಯಿತು. ಮುಂದೆ 1947ರಲ್ಲಿ ಕೊಕ್ಕೊ ಮಾರಾಟ ಮಂಡಳಿ ಸ್ಥಾಪನೆಯಾಗಿ, ಬೀಜವನ್ನೆಲ್ಲ ನಿಗದಿಯಾದ ಬೆಲೆಗೆ ಕೊಳ್ಳುವ ಹೊಣೆ ಅದರದಾಯಿತು.

1957ರಲ್ಲಿ ಘಾನಾ ಸ್ವತಂತ್ರವಾಯಿತು. ಕ್ವಾಮೆ ಎನ್‌ಕ್ರುಮಾ ಅದರ ಮೊದಲ ಪ್ರಧಾನಿ, ಆಮೇಲೆ ಅಧ್ಯಕ್ಷ. ಶಾಲೆ, ರಸ್ತೆ, ಬಂದರು, ವೋಲ್ಟಾ ನದಿಗೆ ಅಣೆಕಟ್ಟು, ವಿದ್ಯುತ್ತು, ಕಾರ್ಖಾನೆ ಎಲ್ಲಕ್ಕೂ ಬೇಕಾದ ವಿದೇಶೀ ವಿನಿಮಯದ ಬಹುಭಾಗ ಕೊಕ್ಕೊದಿಂದಲೇ ಬರಬೇಕಿತ್ತು. ಮನೆಯ ಖರ್ಚೆಲ್ಲ ಒಂದೇ ಎಮ್ಮೆಯ ಹಾಲಿನ ಮೇಲೆ ನಿಂತಂತೆ ದೇಶದ ಭವಿಷ್ಯ ಒಂದೇ ಬೆಳೆಯ ಮೇಲೆ ನಿಂತಿತು.

ಇಳುವರಿ ಏರಿತು, ಆದಾಯ ಇಳಿಯಿತು

ಹೆಚ್ಚು ಬೆಳೆದರೆ ಹೆಚ್ಚು ಆದಾಯ ಎಂಬುದು ಸಹಜವಾದ ಲೆಕ್ಕಾಚಾರ. ಘಾನಾದ ರೈತರು ತೋಟ ವಿಸ್ತರಿಸಿದರು, ಕಾಂಡ ಕೊರೆಯುವ ಮತ್ತು ರಸ ಹೀರುವ ಕೀಟಗಳಿಗೆ ಔಷಧಿ ಸಿಂಪಡಿಸಿದರು. ಫಲ ದೊರೆಯಿತು. ಆದರೆ ಎನ್‌ಕ್ರುಮಾ 1965ರ ತಮ್ಮ ಪುಸ್ತಕದಲ್ಲಿ ಕೊಟ್ಟ ಲೆಕ್ಕ ಹೀಗಿದೆ: 1954-55ರಲ್ಲಿ ಉತ್ಪಾದನೆ 2 ಲಕ್ಷ 10 ಸಾವಿರ ಟನ್, ಗಳಿಕೆ 8 ಕೋಟಿ 55 ಲಕ್ಷ ಪೌಂಡು. 1964-65ರಲ್ಲಿ ಅಂದಾಜು ಉತ್ಪಾದನೆ 5 ಲಕ್ಷ 90 ಸಾವಿರ ಟನ್. ಅಂದಾಜು ಗಳಿಕೆ ಸುಮಾರು 7 ಕೋಟಿ 70 ಲಕ್ಷ ಪೌಂಡು.

ಈ ಅಂಕಿಗಳನ್ನು ಭಾಗಿಸಿ ನೋಡಿದರೆ ಮೊದಲು ಟನ್ನಿಗೆ 407 ಪೌಂಡು ಬರುತ್ತಿದ್ದುದು ಹತ್ತು ವರ್ಷದ ಬಳಿಕ 130 ಪೌಂಡಿಗೆ ಇಳಿಯಿತೆಂದು ತಿಳಿಯುತ್ತದೆ. ಬೆಳೆ ಸುಮಾರು ಮೂರು ಪಟ್ಟಾಯಿತು. ಕೈಗೆ ಬಂದ ಹಣ ಮೊದಲಿಗಿಂತ ಕಡಿಮೆಯಾಯಿತು. ಇದೇ ಅವಧಿಯಲ್ಲಿ ಹೊರಗಿನಿಂದ ತರಿಸುವ ಟ್ರ್ಯಾಕ್ಟರಿನ ಬೆಲೆ ಸ್ವಲ್ಪವೂ ಏರಲಿಲ್ಲವೆಂದೇ ಇಟ್ಟುಕೊಂಡರೂ, ಮೊದಲು 2 ಟನ್ ಕೊಕ್ಕೊ ಕೊಟ್ಟು ಕೊಳ್ಳಬಹುದಾಗಿದ್ದ ಟ್ರ್ಯಾಕ್ಟರಿಗೆ ಈಗ 6 ಟನ್ನಿಗೂ ಹೆಚ್ಚು ಕೊಡಬೇಕು. ಮೂರು ಪಟ್ಟು ದುಡಿದು ಇದ್ದಲ್ಲೇ ಇದ್ದಂತಾಯಿತು.

ಬೆಲೆ ಬಂದಾಗ ಮಾರುವ ಉದ್ದೇಶದಿಂದ ತೇಮಾ ಬಂದರಿನಲ್ಲಿ ಬೃಹತ್ತಾದ ಕೊಕ್ಕೊ ಕಣಜಗಳನ್ನು ಕಟ್ಟಲಾಯಿತು. ಸಾಲ ಬೆಳೆದಿತ್ತು, ಕಾಯುವ ಶಕ್ತಿ ಉಳಿದಿರಲಿಲ್ಲ. ಆ ಕಣಜಗಳು ಬಳಕೆಗೇ ಬರಲಿಲ್ಲ. 1966ರ ಜನವರಿಯಲ್ಲಿ ವೋಲ್ಟಾ ಅಣೆಕಟ್ಟಿನ ಉದ್ಘಾಟನೆಯಾಯಿತು. ಫೆಬ್ರುವರಿಯಲ್ಲಿ ಸೈನ್ಯ ಅಧಿಕಾರವನ್ನು ಕಿತ್ತುಕೊಂಡಿತು. ಸರ್ಕಾರ ಉರುಳಲು ಬೇರೆ ಕಾರಣಗಳೂ ಇದ್ದವು. ಆದರೆ ಕೊಕ್ಕೊ ಬೆಲೆಯ ಕುಸಿತ ಅವುಗಳಲ್ಲಿ ಚಿಕ್ಕದೇನಲ್ಲ.

ಬೆಲೆ ಕುಸಿಯಲು ಕಾರಣಗಳು

ಇದು ಘಾನಾ ಒಂದರ ಕಥೆಯಲ್ಲ. ಅರ್ಜೆಂಟೀನಾದ ಅರ್ಥಶಾಸ್ತ್ರಜ್ಞ ರೌಲ್ ಪ್ರೆಬಿಷ್ ಹಾಗೂ ಜರ್ಮನಿಯಲ್ಲಿ ಹುಟ್ಟಿದ ಹಾನ್ಸ್ ಸಿಂಗರ್ ಅವರು 1950ರ ಸುಮಾರಿನಲ್ಲಿ, ಬೇರೆಬೇರೆಯಾಗಿಯೇ ಅಧ್ಯಯನ ಮಾಡಿ, ಕಚ್ಚಾ ಮಾಲಿನ ಬೆಲೆ ಸಿದ್ಧ ವಸ್ತುಗಳ ಬೆಲೆಗೆ ಹೋಲಿಸಿದರೆ ಕಾಲಕ್ರಮದಲ್ಲಿ ಇಳಿಮುಖವಾಗುತ್ತದೆಂದು ವಾದಿಸಿದರು. ಎಲ್ಲ ಕಾಲಕ್ಕೂ ಎಲ್ಲ ಬೆಳೆಗೂ ಇದು ಒಂದೇ ತೆರನಾಗಿ ಅನ್ವಯಿಸುವುದಿಲ್ಲ. ಆದರೆ ಅವರು ತೋರಿಸಿದ ಕಾರಣಗಳು ರೈತರ ಅನುಭವಕ್ಕೆ ಹತ್ತಿರವಾಗಿವೆ.

1. ಒಬ್ಬನ ಆದಾಯ ಎರಡು ಪಟ್ಟಾದರೆ ಅವನು ಎರಡು ಪಟ್ಟು ರಾಗಿಮುದ್ದೆ ಉಣ್ಣುವುದಿಲ್ಲ. ಹೆಚ್ಚಿನ ಹಣವನ್ನು ಮೋಟಾರ್ ಸೈಕಲ್ಲು, ಪಂಪುಸೆಟ್ಟು, ಫೋನುಗಳಿಗೆ ಹಾಕುತ್ತಾನೆ. ಸಿರಿವಂತ ದೇಶಗಳ ಜನರೂ ಹಾಗೆಯೇ. ಅವರ ಆದಾಯ ಬೆಳೆದಷ್ಟು ಕೃಷಿ ಉತ್ಪನ್ನಗಳ ಬೇಡಿಕೆ ಬೆಳೆಯುವುದಿಲ್ಲ.

2. ಕೊಕ್ಕೊ ಗಿಡ ಫಲಕ್ಕೆ ಬರಲು ಮೂರು-ನಾಲ್ಕು ವರ್ಷ ಬೇಕು. ಬೆಲೆ ಏರಿದಾಗ ಎಲ್ಲರೂ ನೆಡುತ್ತಾರೆ. ಎಲ್ಲರ ಫಸಲೂ ಒಟ್ಟಿಗೇ ಬಂದು ಬೆಲೆ ಬೀಳುತ್ತದೆ. ಬಿದ್ದಾಗ ಕಾರ್ಖಾನೆಯವನು ಯಂತ್ರ ನಿಲ್ಲಿಸಬಲ್ಲ. ರೈತನು ಮರ ಕಾಯಿ ಬಿಡುವುದನ್ನು ನಿಲ್ಲಿಸಲಾರ.

3. ಬೆಳೆಯುವವರು ಲಕ್ಷಗಟ್ಟಲೆ, ಕೊಳ್ಳುವ, ಅರೆಯುವ ಕಂಪನಿಗಳು ಕೆಲವೇ. ಯಾವ ಸಂತೆಯಲ್ಲಾದರೂ ಮಾರುವವರು ನೂರು ಮಂದಿ, ಕೊಳ್ಳುವವರು ಮೂವರು ಇದ್ದರೆ ಬೆಲೆ ಹೇಳುವವರು ಯಾರೆಂದು ವಿವರಿಸಬೇಕಾಗಿಲ್ಲ.

4. ಕಾರ್ಖಾನೆಯಲ್ಲಿ ಉತ್ಪಾದನಾ ವಿಧಾನ ಸುಧಾರಿಸಿದಾಗ ಅದರ ಲಾಭ ಹೆಚ್ಚಿನ ಕೂಲಿ ಮತ್ತು ಮುನಾಫೆಯಾಗಿ ಅಲ್ಲೇ ಉಳಿಯುತ್ತದೆ. ತೋಟದಲ್ಲಿ ಇಳುವರಿ ಸುಧಾರಿಸಿದಾಗ ಅದರ ಲಾಭ ಇಳಿದ ಬೆಲೆಯ ರೂಪದಲ್ಲಿ ಕೊಳ್ಳುವವನಿಗೆ ದಾಟುತ್ತದೆ.

ಹಲವು ಅಂದಾಜುಗಳ ಪ್ರಕಾರ ಗ್ರಾಹಕನು ಚಾಕೊಲೇಟಿಗೆ ಕೊಡುವ ನೂರು ರೂಪಾಯಿಯಲ್ಲಿ ಕೊಕ್ಕೊ ಬೆಳೆದವನಿಗೆ ಮುಟ್ಟುವುದು ಆರು-ಏಳು ರೂಪಾಯಿ ಮಾತ್ರ. ಉಳಿದದ್ದು ಸಾಗಾಣಿಕೆ, ಅರೆಯುವಿಕೆ, ಸಕ್ಕರೆ, ಹಾಲು, ತಯಾರಿಕೆ, ಜಾಹೀರಾತು, ಅಂಗಡಿ ಮತ್ತು ತೆರಿಗೆಗಳಿಗೆ.

ಕಾರ್ಖಾನೆಯನ್ನು ಅಲ್ಲೇ ಕಟ್ಟಬಾರದೇಕೆ?

ಬೀಜದ ಬದಲು ಚಾಕೊಲೇಟನ್ನೇ ಮಾರಬಹುದಲ್ಲ ಎಂದು ಯಾರಿಗಾದರೂ ತೋರುತ್ತದೆ. ಘಾನಾ ಪ್ರಯತ್ನಿಸದೆ ಇರಲಿಲ್ಲ. ತೇಮಾದಲ್ಲಿ 1960ರ ದಶಕದಲ್ಲೇ ಕೊಕ್ಕೊ ಸಂಸ್ಕರಣಾ ಕಾರ್ಖಾನೆ ಬಂತು. ಇಂದಿಗೂ ಅಲ್ಲಿ ಚಾಕೊಲೇಟು ತಯಾರಾಗುತ್ತದೆ. ಆದರೆ ಅಡ್ಡಿಗಳು ಹಲವು.

ಮೊದಲನೆಯದು ಸುಂಕದ ಏಣಿ. ಐರೋಪ್ಯ ಒಕ್ಕೂಟದ ಸಾಮಾನ್ಯ ದರದಂತೆ ಕೊಕ್ಕೊ ಬೀಜಕ್ಕೆ ಆಮದು ಸುಂಕವಿಲ್ಲ. ಅರೆದ ಕೊಕ್ಕೊ ಮುದ್ದೆಗೆ ಶೇಕಡಾ 9.6, ಕೊಕ್ಕೊ ಬೆಣ್ಣೆಗೆ ಶೇಕಡಾ 7.7 ಸುಂಕವಿದೆ. ಕಚ್ಚಾ ಮಾಲಿಗೆ ಬಾಗಿಲು ತೆರೆದು, ಸಂಸ್ಕರಿಸಿದ ಮಾಲಿಗೆ ಬಾಗಿಲು ಓರೆ ಮಾಡುವ ಈ ಪದ್ಧತಿ ಬೇರೆ ಬೆಳೆಗಳಲ್ಲೂ ಉಂಟು. ಪಶ್ಚಿಮ ಆಫ್ರಿಕಾದ ಕೆಲವು ದೇಶಗಳಿಗೆ ಪ್ರತ್ಯೇಕ ಒಪ್ಪಂದಗಳ ಮೂಲಕ ಇದರಿಂದ ವಿನಾಯಿತಿ ದೊರೆತಿದೆ. ಎರಡನೆಯದು ಬಂಡವಾಳ ಮತ್ತು ವಿದ್ಯುತ್ತು. ಮೂರನೆಯದು ಹವೆ: ಸೆಕೆಯಲ್ಲಿ ಚಾಕೊಲೇಟು ಕರಗುತ್ತದೆ, ತಂಪು ಉಗ್ರಾಣ ಬೇಕು. ನಾಲ್ಕನೆಯದು ಮಾರುಕಟ್ಟೆ: ಹಾಲು ಸಾಲದ, ಚಾಕೊಲೇಟು ಕೊಳ್ಳುವ ಶಕ್ತಿಯ ಜನ ಕಡಿಮೆ ಇರುವ ದೇಶದಲ್ಲಿ ಕಾರ್ಖಾನೆಗೆ ಮನೆಯಂಗಳದ ಗಿರಾಕಿಯಿಲ್ಲ. ಹೊರದೇಶದಲ್ಲಿ ಮಾರಬೇಕಾದರೆ ನೂರಾರು ವರ್ಷಗಳಿಂದ ಹೆಸರು ಮಾಡಿದ ಕಂಪನಿಗಳನ್ನು ಎದುರಿಸಬೇಕು.

ಮನೆಯೊಳಗಿನ ತಪ್ಪುಗಳು

ದೋಷವೆಲ್ಲ ಹೊರಗಿನವರದೇ ಎಂದರೆ ಸರಿಯಾಗದು. ಮಾರಾಟ ಮಂಡಳಿಯನ್ನು ಸ್ಥಾಪಿಸಿದ್ದು ರೈತನಿಗೆ ಸ್ಥಿರ ಬೆಲೆ ಕೊಡಲೆಂದು. ಒಳ್ಳೆಯ ವರ್ಷಗಳಲ್ಲಿ ಉಳಿಸಿದ ಹಣವನ್ನು ಕೆಟ್ಟ ವರ್ಷಗಳಲ್ಲಿ ರೈತನಿಗೆ ಹಿಂತಿರುಗಿಸಬೇಕಿತ್ತು. ಆದರೆ ಆ ಹಣ ಸರ್ಕಾರದ ಬೇರೆ ಖರ್ಚುಗಳಿಗೆ ಹೋಯಿತು. ಮುಂದೆ ಬಂದ ಸರ್ಕಾರಗಳು ತಮ್ಮ ನಾಣ್ಯವಾದ ಸೀಡಿಯ ಬೆಲೆಯನ್ನು ಕೃತಕವಾಗಿ ಎತ್ತರದಲ್ಲಿರಿಸಿದ್ದರಿಂದ ರೈತನ ಕೈಸೇರಿದ ಹಣಕ್ಕೆ ಕೊಳ್ಳುವ ಶಕ್ತಿಯೇ ಉಳಿಯಲಿಲ್ಲ. ಎಷ್ಟೋ ರೈತರು ಬೀಜವನ್ನು ಕಳ್ಳದಾರಿಯಲ್ಲಿ ಗಡಿ ದಾಟಿಸಿ ಪಕ್ಕದ ಐವರಿ ಕೋಸ್ಟಿನಲ್ಲಿ ಮಾರಿದರು. ಎಷ್ಟೋ ಮಂದಿ ಹಳೆಯ ಮರಗಳನ್ನು ಬದಲಿಸದೆ ತೋಟವನ್ನು ಕೈಬಿಟ್ಟರು. 1983ರ ಬರ ಮತ್ತು ಕಾಳ್ಗಿಚ್ಚು ಉಳಿದುದನ್ನೂ ಸುಟ್ಟವು. 1983-84ರಲ್ಲಿ ಉತ್ಪಾದನೆ ಸುಮಾರು 1 ಲಕ್ಷ 60 ಸಾವಿರ ಟನ್ನಿಗೆ ಇಳಿಯಿತು.

ಬೆಲೆ ಸ್ಥಿರಗೊಳಿಸಲು ಅಂತರರಾಷ್ಟ್ರೀಯ ಪ್ರಯತ್ನಗಳೂ ನಡೆದವು. 1972ರಲ್ಲಿ ಮೊದಲ ಕೊಕ್ಕೊ ಒಪ್ಪಂದವಾಯಿತು. ಬೆಲೆ ಬಿದ್ದಾಗ ಕೊಂಡು ದಾಸ್ತಾನು ಮಾಡಿ, ಏರಿದಾಗ ಮಾರುವ ಏರ್ಪಾಡು ಅದರ ತಿರುಳು. ಆದರೆ ಬೆಳೆಯುವವರಲ್ಲಿ, ಕೊಳ್ಳುವವರಲ್ಲಿ ಮುಖ್ಯರಾದ ಕೆಲವರು ಆಗಾಗ ಹೊರಗುಳಿದರು. 1988ರಲ್ಲಿ ದಾಸ್ತಾನು 2 ಲಕ್ಷ 50 ಸಾವಿರ ಟನ್ನಿನ ಮಿತಿ ಮುಟ್ಟಿ, ಬೆಲೆ ಮತ್ತೂ ಬೀಳುತ್ತಲೇ ಹೋಯಿತು. ಐವರಿ ಕೋಸ್ಟ್ 1987ರಲ್ಲಿ ಒಂಟಿಯಾಗಿಯೇ ಮಾರಾಟ ತಡೆಹಿಡಿದು ಸೋತಿತು.

ಆ ಪಾಠ ಕಲಿತ ಐವರಿ ಕೋಸ್ಟ್, ಘಾನಾ ಎರಡೂ 2019ರಲ್ಲಿ ಕೈಜೋಡಿಸಿದವು. ಜಗತ್ತಿನ ಕೊಕ್ಕೊದಲ್ಲಿ ಅರ್ಧಕ್ಕೂ ಹೆಚ್ಚನ್ನು ಇವೆರಡೇ ಬೆಳೆಯುತ್ತವೆ. 2020-21ರ ಬೆಳೆಯಿಂದ ಟನ್ನಿಗೆ 400 ಡಾಲರ್ ಹೆಚ್ಚುವರಿಯನ್ನು ರೈತನ ಜೀವನೋಪಾಯಕ್ಕಾಗಿ ಕೊಡಬೇಕೆಂದು ಕೇಳಿದವು. ಕೊಳ್ಳುವವರು ಗುಣಮಟ್ಟಕ್ಕೆ ಕೊಡುತ್ತಿದ್ದ ಬೇರೆ ಹೆಚ್ಚುವರಿಯನ್ನು ಇಳಿಸಿದ್ದರಿಂದ ಇದರ ಪ್ರಯೋಜನ ಬಹುಮಟ್ಟಿಗೆ ಕರಗಿತು.

2024ರಲ್ಲಿ ವಿಚಿತ್ರವಾದ ಸಂಗತಿ ನಡೆಯಿತು. ಹವೆಯ ಏರುಪೇರು, ಕಾಯಿಕೊಳೆ, ರೆಂಬೆ ಊದುವ ನಂಜುರೋಗಗಳಿಂದ ಪಶ್ಚಿಮ ಆಫ್ರಿಕಾದ ಫಸಲು ಕೈಕೊಟ್ಟು, ಪೇಟೆಯಲ್ಲಿ ಟನ್ನಿನ ಬೆಲೆ 10,000 ಡಾಲರ್ ಮೀರಿತು. ಆದರೆ ಘಾನಾದ ಮಂಡಳಿ ಬಹಳಷ್ಟು ಬೀಜವನ್ನು ಮುಂಗಡವಾಗಿಯೇ ಹಳೆಯ ಬೆಲೆಗೆ ಮಾರಿಬಿಟ್ಟಿತ್ತು. ಬೆಲೆ ಇದ್ದಾಗ ಬೆಳೆಯಿಲ್ಲ, ಇದ್ದ ಬೆಳೆಗೂ ಆ ಬೆಲೆಯಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 2025ರಲ್ಲಿ ಬೆಲೆ ಮತ್ತೆ ಇಳಿಯಿತು.

ಪುತ್ತೂರಿನ ಅನುಭವ

ಇಂತಹುದೇ ಸಂಕಟ, ಚಿಕ್ಕ ಪ್ರಮಾಣದಲ್ಲಿ, ದಕ್ಷಿಣ ಕನ್ನಡ ಜಿಲ್ಲೆಗೂ ಒದಗಿತ್ತು. 1970ರ ದಶಕದಲ್ಲಿ ಅಡಿಕೆ ತೋಟದ ನೆರಳಿನಲ್ಲಿ ಕೊಕ್ಕೊವನ್ನು ಮಿಶ್ರ ಬೆಳೆಯಾಗಿ ಹಾಕಲು ರೈತರಿಗೆ ಪ್ರೋತ್ಸಾಹ ದೊರೆಯಿತು. ಗಿಡಗಳು ಫಲಕ್ಕೆ ಬಂದು ಬೀಜ ರಾಶಿಬೀಳುವ ಹೊತ್ತಿಗೆ, ಅಂದರೆ 1980ರ ಸುಮಾರಿಗೆ, ಬೆಲೆ ಕುಸಿದು ಖರೀದಿದಾರರು ಹಿಂದೆ ಸರಿದರು. ಹಸಿ ಬೀಜವನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಅಡಿಕೆಯಂತೆ ಅಟ್ಟಕ್ಕೇರಿಸಿ ಬೆಲೆಗಾಗಿ ಕಾಯುವಂತಿಲ್ಲ. ಗಿಡವನ್ನು ಕಡಿಯುವುದೋ ಉಳಿಸುವುದೋ ಎಂಬ ಪ್ರಶ್ನೆ ಮನೆಮನೆಗೂ ಬಂತು.

ಆಗ ನೆರವಿಗೆ ಬಂದುದು ರೈತರದೇ ಸಂಸ್ಥೆ. ಅಡಿಕೆ ಬೆಲೆ ಕುಸಿತದ ಸಂದರ್ಭದಲ್ಲಿ, 1973ರಲ್ಲಿ, ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ ಕ್ಯಾಂಪ್ಕೊ ಸಹಕಾರಿಯನ್ನು ಕಟ್ಟಿದ್ದರು. ವಾರಣಾಶಿ ಸುಬ್ರಾಯ ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು. 1980ರಲ್ಲಿ ಈ ಸಂಸ್ಥೆ ಕೊಕ್ಕೊ ಖರೀದಿಗೆ ಇಳಿಯಿತು. ಸದಸ್ಯರಿಂದ ಹಸಿ ಬೀಜ ಕೊಂಡು, ತಾನೇ ಹುದುಗಿಸಿ, ಒಣಗಿಸಿ ಮಾರಿತು. ಅಷ್ಟಕ್ಕೇ ನಿಲ್ಲದೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ಆರಂಭಿಸಿತು. ತನ್ನ ಹೆಸರಿನ ತಿನಿಸುಗಳ ಜೊತೆಗೆ ಬೇರೆ ಕಂಪನಿಗಳಿಗೂ ತಯಾರಿಸಿ ಕೊಟ್ಟು ಕಾರ್ಖಾನೆ ನಡೆಸಿತು. ಬೆಲೆಯ ಏರಿಳಿತ ಇದರಿಂದ ಪೂರ್ತಿ ತಪ್ಪಿತೆಂದಲ್ಲ. ಆದರೆ ಕೊಳ್ಳುವವನೇ ಇಲ್ಲವೆಂಬ ಸ್ಥಿತಿ ತಪ್ಪಿತು.

ಪುತ್ತೂರಿನಲ್ಲಿ ಸಾಧ್ಯವಾದುದು ತೇಮಾದಲ್ಲಿ ಏಕೆ ಕಷ್ಟವಾಯಿತು ಎಂಬುದನ್ನು ಗಮನಿಸಬೇಕು. ಭಾರತದೊಳಗೇ ದೊಡ್ಡ ಮಾರುಕಟ್ಟೆಯಿತ್ತು. ಹಾಲು, ಸಕ್ಕರೆ ಇಲ್ಲೇ ದೊರೆಯುತ್ತಿದ್ದವು. ಆಮದು ಚಾಕೊಲೇಟಿಗೆ ಸುಂಕದ ತಡೆಯಿತ್ತು. ಕರಾವಳಿಯ ರೈತನಿಗೆ ಕೊಕ್ಕೊ ಒಂದೇ ಆಸರೆಯಲ್ಲ. ಅಡಿಕೆ, ತೆಂಗು, ಕಾಳುಮೆಣಸು ಜೊತೆಗಿದ್ದವು. ಎಲ್ಲಕ್ಕಿಂತ ಮಿಗಿಲಾಗಿ, ಸಂಸ್ಥೆಯ ಲೆಕ್ಕ ಕೇಳುವ ಹಕ್ಕು ಬೆಳೆಗಾರನ ಕೈಯಲ್ಲಿತ್ತು. ಘಾನಾದ ಮಂಡಳಿ ರೈತನ ಹೆಸರಿನದಾದರೂ ರೈತನದಾಗಿರಲಿಲ್ಲ.

ರೈತರು ಮತ್ತು ವಿಸ್ತರಣಾ ಕಾರ್ಯಕರ್ತರು ಗಮನಿಸಬೇಕಾದುದು

ಇಳುವರಿ ಹೆಚ್ಚಿಸುವ ಸಲಹೆಯ ಜೊತೆಗೇ ಬೆಳೆದುದನ್ನು ಎಲ್ಲಿ, ಯಾವ ರೂಪದಲ್ಲಿ, ಯಾರ ಮೂಲಕ ಮಾರುವುದೆಂಬ ಸಲಹೆಯೂ ಇರಬೇಕು. ಹೊಸ ಬೆಳೆಯನ್ನು ಒಪ್ಪಿಕೊಳ್ಳುವ ಮೊದಲು ಕೊಳ್ಳುವವರು ಎಷ್ಟು ಮಂದಿ, ಒಬ್ಬನು ಹಿಂದೆ ಸರಿದರೆ ಬೇರೆ ದಾರಿ ಯಾವುದು ಎಂದು ವಿಚಾರಿಸಬೇಕು. ಬೆಲೆ ಉಚ್ಛ್ರಾಯದಲ್ಲಿರುವಾಗ ಇಡೀ ತೋಟವನ್ನು ಒಂದೇ ಬೆಳೆಗೆ ಒಪ್ಪಿಸಬಾರದು.

ಕೊಕ್ಕೊದ ಮಟ್ಟಿಗೆ ಹೇಳುವುದಾದರೆ ಮೌಲ್ಯ ಹೆಚ್ಚುವ ಮೊದಲ ಮೆಟ್ಟಿಲು ಹುದುಗಿಸುವುದು ಮತ್ತು ಒಣಗಿಸುವುದು. 100 ಕಿಲೋ ಹಸಿ ಬೀಜದಿಂದ ಸುಮಾರು 33ರಿಂದ 35 ಕಿಲೋ ಒಣ ಬೀಜ ದೊರೆಯುತ್ತದೆ. ಆದುದರಿಂದ ಒಣ ಬೀಜದ ದರ ಹಸಿ ಬೀಜದ ದರಕ್ಕಿಂತ ಮೂರು ಪಟ್ಟಿಗೂ ಹೆಚ್ಚಾಗಿದ್ದು, ಕೂಲಿ ಕಳೆದು ಮಿಗುವಂತಿದ್ದರೆ ಮಾತ್ರ ಸ್ವತಃ ಸಂಸ್ಕರಿಸುವುದು ಲಾಭಕರ. ಬೀಜವನ್ನು ಐದಾರು ದಿನ ಹುದುಗಿಸಿ, ನಡುವೆ ಎರಡು ದಿನಕ್ಕೊಮ್ಮೆ ಮಗುಚಿ, ತೇವಾಂಶ ಶೇಕಡಾ 7ರ ಸುಮಾರಿಗೆ ಇಳಿಯುವವರೆಗೆ ಒಣಗಿಸಬೇಕು. ಹುದುಗದ ಬೀಜಕ್ಕೆ ಚಾಕೊಲೇಟಿನ ಪರಿಮಳ ಬಾರದು, ಬೆಲೆಯೂ ಬಾರದು.

ಇಲ್ಲಿ ಒಂದು ತೊಡಕಿದೆ. ರಾಶಿ ವಿಧಾನದಲ್ಲಿ ಬೀಜ ಸರಿಯಾಗಿ ಹುದುಗಲು ಒಳಗೆ 45ರಿಂದ 50 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾವು ಏರಬೇಕು. ರಾಶಿ ಚಿಕ್ಕದಾದರೆ ಆ ಕಾವು ನಿಲ್ಲುವುದಿಲ್ಲ. ಕನಿಷ್ಠ 50 ಕಿಲೋದಷ್ಟಾದರೂ ಹಸಿ ಬೀಜ ಬೇಕು. ಸಣ್ಣ ತೋಟದ ಒಂದು ಕೊಯ್ಲಿನ ಐದಾರು ಕಿಲೋ ಬೀಜ ಒಂಟಿಯಾಗಿ ಇಟ್ಟರೆ ಬೂಸ್ಟು ಹಿಡಿಯುತ್ತದೆ. ಆದುದರಿಂದ ನೆರೆಹೊರೆಯ ಹತ್ತು ಮನೆಗಳವರು ಒಂದೇ ದಿನ ಕೊಯ್ದು, ತೂಕ ಬರೆದಿಟ್ಟುಕೊಂಡು, ಬೀಜವನ್ನು ಒಂದೇ ರಾಶಿಗೆ ಹಾಕುವುದು ಉತ್ತಮ.